ಪಲ್ಪರ್‌ಗೆ ಮೇಲೆ, ಪಲ್ಪರ್‌ಗೆ ಕೆಳಗೆ: ಹಳ್ಳದ ಕಲ್ಲು ಎತ್ತಿ ನೋಡುವ ಸಮೀಕ್ಷೆ

ಪಲ್ಪರ್, ಅಂದರೆ ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ನೀರು ಹಳ್ಳಕ್ಕೆ ಏನು ಮಾಡಿದೆ ಎಂದು ತಿಳಿಯಲು ಮೂಡಿಗೆರೆ, ಸಕಲೇಶಪುರ ಕಡೆಯ ಹಳ್ಳಗಳಲ್ಲಿ ಕಲ್ಲಿನ ಮೇಲಿನ ಪಾಚಿ, ಕಲ್ಲಿನಡಿಯ ಹುಳು ಎಣಿಸುವುದಕ್ಕೆ ವರ್ಷದಲ್ಲಿ ಎರಡೇ ಸರಿಯಾದ ಹೊತ್ತು. ಮಳೆ ನಿಂತು ನೀರು ತಿಳಿಯಾಗಿ, ಅರೇಬಿಕಾ ಕೊಯ್ಲು ಇನ್ನೂ ಬಿರುಸಾಗದ ನವೆಂಬರ್ ಒಂದು. ಪಲ್ಪರ್‌ಗಳು ನಿಲ್ಲುತ್ತಾ ಬಂದ ಫೆಬ್ರವರಿ ಇನ್ನೊಂದು. ಅದೂ ಹೂಮಳೆ ಬೀಳುವ ಮುಂಚೆ. ಕರಾವಳಿಯ ಬಂಡೆತೀರದಲ್ಲಿ ಇದೇ ಕೆಲಸ ಮಾಡುವವರು ಉಬ್ಬರವಿಳಿತದ ಪಟ್ಟಿ ನೋಡಿಕೊಂಡು ಹೊರಡುತ್ತಾರೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನ ದೊಡ್ಡ ಇಳಿತದಲ್ಲಿ ಅವರಿಗೆ ಸಿಗುವುದು ಕೆಲವೇ ಗಂಟೆ. ಘಟ್ಟದ ಮೇಲೆ ನಮಗೆ ಇಳಿತ ವರ್ಷಕ್ಕೊಂದೇ, ತಿಂಗಳುಗಟ್ಟಲೆ ನಿಧಾನಕ್ಕೆ ಆಗುವಂಥದ್ದು. ಆದರೆ ಚೌಕಟ್ಟು ಇಟ್ಟು ಎಣಿಸುವ ಪದ್ಧತಿ ಇಬ್ಬರದೂ ಒಂದೇ, ತಪ್ಪುಗಳೂ ಹೆಚ್ಚುಕಮ್ಮಿ ಅವೇ.

ಬಾಟಲಿಯಲ್ಲಿ ನೀರು ಹಿಡಿದು ಲ್ಯಾಬಿಗೆ ಕಳಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಬಾಟಲಿಯ ನೀರು ಹೇಳುವುದು ಆ ಗಂಟೆಯ ಕಥೆಯನ್ನು ಮಾತ್ರ. ಹಣ್ಣು ಪಲ್ಪ್ ಮಾಡಿದ ನೀರು ಸಂಜೆ ಮೇಲೆ ಹಳ್ಳಕ್ಕೆ ಬಂದು, ಬೆಳಗಾಗುವುದರೊಳಗೆ ಹರಿದುಹೋಗಿದ್ದರೆ ಹತ್ತು ಗಂಟೆಯ ಬಾಟಲಿಯಲ್ಲಿ ಅದರ ಸುಳಿವೇ ಇರುವುದಿಲ್ಲ. ಕಲ್ಲಿನಡಿಯ ಸ್ಟೋನ್‌ಫ್ಲೈ ಎಂಬ ಕೀಟದ ಮರಿ ಮಾತ್ರ ತಿಂಗಳುಗಟ್ಟಲೆ ಅದೇ ನೀರಿನಲ್ಲಿ ಉಸಿರಾಡಿರಬೇಕು. ಅದು ಇದೆ ಎಂದರೆ ಈಚಿನ ಯಾವ ರಾತ್ರಿಯೂ ಅಲ್ಲಿ ಆಮ್ಲಜನಕ ಪೂರ್ತಿ ಕುಸಿದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅದು ಇಲ್ಲ ಎಂದು ಹೇಳಬೇಕಾದರೆ ಮಾತ್ರ, ಇದ್ದ ಕಡೆ ಎಷ್ಟು ಹುಡುಕಿದೆವೋ ಇಲ್ಲದ ಕಡೆಯೂ ಅಷ್ಟೇ ಹುಡುಕಿರಬೇಕು. ಇಡೀ ಸಮೀಕ್ಷೆ ನಿಂತಿರುವುದು ಈ ಸಮಪಾಲಿನ ಮೇಲೆ. ಹುಳುಗಳ ಹೆಸರು ಆಮೇಲೆ ಕಲಿತರೂ ನಡೆಯುತ್ತದೆ.

ಆದ್ದರಿಂದ ಜಾಗ ಆರಿಸುವುದಕ್ಕೆ ನಾವು ಬಲೆ ಹಾಕುವುದಕ್ಕಿಂತ ಹೆಚ್ಚು ಹೊತ್ತು ಕೊಡುತ್ತೇವೆ. ಪಲ್ಪರ್ ಮನೆಯ ನೀರು ಸೇರುವ ಬಾಯಿಗಿಂತ ಮೇಲೊಂದು ಜಾಗ ಬೇಕು. ಕೆಳಗೆ, ಎರಡೂ ನೀರು ಪೂರ್ತಿ ಬೆರೆತ ಮೇಲೊಂದು. ಅಲ್ಲಿಂದ ಸುಮಾರು ಒಂದು ಕಿಲೋಮೀಟರ್ ಕೆಳಗೆ ಮತ್ತೊಂದು. ಹಳ್ಳ ಎಷ್ಟರಮಟ್ಟಿಗೆ ಚೇತರಿಸಿಕೊಂಡಿದೆ ಎಂದು ನೋಡಲು ಇದು. ಬೆರೆತಿದೆಯೋ ಇಲ್ಲವೋ ಎಂದು ಕಣ್ಣಂದಾಜಿಗೆ ಬಿಡಬಾರದು. ಕೊಳೆನೀರು ಒಂದು ದಡಕ್ಕೇ ಅಂಟಿಕೊಂಡು ಬಹಳ ದೂರ ಹೋಗುವುದುಂಟು. ಎಡದಡ, ಮಧ್ಯೆ, ಬಲದಡ ಮೂರೂ ಕಡೆ, ನೀರಿನಲ್ಲಿ ಕರಗಿದ ಲವಣ ಎಷ್ಟೆಂದು ತೋರಿಸುವ ವಾಹಕತೆಯ ಮೀಟರ್ ಅದ್ದಿ, ಮೂರೂ ಒಂದೇ ಅಂಕಿ ತೋರಿಸುವಲ್ಲಿಗೆ ನಡೆಯಬೇಕು. ಮೂರೂ ಜಾಗಗಳಲ್ಲಿ ನೀರು ಕಲ್ಲಿನ ಮೇಲೆ ಸದ್ದು ಮಾಡುತ್ತಾ ಹರಿಯುತ್ತಿರಬೇಕು, ಆಳ ಒಂದಡಿ ಮೀರಬಾರದು, ಕಲ್ಲುಗಳು ಮುಷ್ಟಿಯಿಂದ ತೆಂಗಿನಕಾಯಿ ಗಾತ್ರದವು ಇರಬೇಕು, ನೆರಳೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೇಲೆ ಕಲ್ಲುಹಾಸು, ಕೆಳಗೆ ಮಡು ಆರಿಸಿಕೊಂಡರೆ ಪಲ್ಪರ್ ಇಲ್ಲದ ಹಳ್ಳದಲ್ಲೂ ವ್ಯತ್ಯಾಸ ಕಂಡೇ ಕಾಣುತ್ತದೆ. ಮಡುವಿನ ತಳದಲ್ಲಿ ಕೆಸರು, ಎಲೆ, ಕಡಿಮೆ ಆಮ್ಲಜನಕ. ಅಲ್ಲಿ ಬದುಕುವ ಹುಳುಗಳೇ ಬೇರೆ. ನಾವು ನೋಡಿದ ವಿದ್ಯಾರ್ಥಿ ವರದಿಗಳಲ್ಲಿ ಹೆಚ್ಚಿನವು ಬಿದ್ದಿರುವುದು ಇದೇ ಗುಂಡಿಗೆ.

ಸ್ಪ್ರಿಂಕ್ಲರ್ ವಿಷಯವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಹೊಡೆಯಲು ಹಳ್ಳಕ್ಕೆ ಅಡ್ಡ ಮರಳುಮೂಟೆ ಇಟ್ಟು ಪಂಪ್ ಹಚ್ಚುತ್ತಾರೆ. ಕಟ್ಟಿನ ಹಿಂದೆ ಹರಿವ ನೀರು ನಿಂತ ನೀರಾಗುತ್ತದೆ, ಮುಂದೆ ಕಲ್ಲುಗಳು ಒಣಗುತ್ತವೆ. ನಿನ್ನೆ ಒಣಗಿ ಇವತ್ತು ಒದ್ದೆಯಾದ ಕಲ್ಲಿನಲ್ಲಿ ಹುಳು ಇಲ್ಲದಿದ್ದರೆ ಪಲ್ಪರನ್ನು ದೂರಿ ಏನೂ ಉಪಯೋಗವಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಎರಡು ಮಾತಾಡಿದರೆ ಪಂಪ್ ಯಾವಾಗ ಓಡಿತು ಎಂಬುದು ಗೊತ್ತಾಗುತ್ತದೆ. ಆನೆ ಯಾವ ಕಡೆ ಇದೆ ಎಂಬುದೂ ಅಲ್ಲೇ ತಿಳಿಯುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ಕೆಲಸಗಾರರ ಲೈನ್‌ಮನೆಯಲ್ಲಿ ಕೇಳದೆ ಹಳ್ಳಕ್ಕೆ ಇಳಿಯುವುದು ಬೇಡ, ಮಂಜು ಹರಿಯುವ ಮುಂಚೆಯಂತೂ ಬೇಡವೇ ಬೇಡ. ಭದ್ರಾ ಹುಲಿ ಮೀಸಲು, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿನ ಹಳ್ಳಗಳಿಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಖಾಸಗಿ ತೋಟದಲ್ಲಿ ಮಾಲೀಕರ ಒಪ್ಪಿಗೆ ಸಾಕು.

ಬಲೆಗೆ ದೊಡ್ಡ ಖರ್ಚಿಲ್ಲ. ಸರ್ಬರ್ ಬಲೆ ಎಂದರೆ 30 ಸೆಂ.ಮೀ. ಚೌಕದ ಎರಡು ಕಬ್ಬಿಣದ ಚೌಕಟ್ಟು, ಒಂದು ತಳಕ್ಕೆ ಕೂರುವಂಥದ್ದು, ಇನ್ನೊಂದು ಅದಕ್ಕೆ ಲಂಬವಾಗಿ ನಿಲ್ಲುವಂಥದ್ದು. ನಿಂತ ಚೌಕಟ್ಟಿಗೆ ಬಲೆಚೀಲ ಹೊಲಿದಿರುತ್ತದೆ. ವೆಲ್ಡಿಂಗ್ ಶಾಪಿನಲ್ಲಿ 6 ಮಿ.ಮೀ. ಸರಳಿನಿಂದ ಮಾಡಿಸಬಹುದು. ಬಲೆಯ ಕಣ್ಣು 500 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್. ಸೊಳ್ಳೆಪರದೆ ಬಟ್ಟೆಯ ಕಣ್ಣು ಇದಕ್ಕಿಂತ ದೊಡ್ಡದು. ಎಳೆ ಮೇಫ್ಲೈ ಕೀಟ, ಸೊಳ್ಳೆಯಂತಿದ್ದರೂ ಕಚ್ಚದ ಕೈರೊನಾಮಿಡ್ ನೊಣದ ಹುಳು ಎಲ್ಲಾ ಜಾರಿಹೋಗಿ, ಬಲಿತವಷ್ಟೇ ಉಳಿಯುತ್ತವೆ. ಸ್ಕ್ರೀನ್ ಪ್ರಿಂಟಿಂಗ್ ಸಾಮಾನು ಮಾರುವ ಅಂಗಡಿಯಲ್ಲಿ ನೈಲಾನ್ ಜಾಲರಿ ಅಳತೆ ಹೇಳಿದರೆ ಕೊಡುತ್ತಾರೆ. ಚೀಲದ ಉದ್ದ ಮುಕ್ಕಾಲು ಮೀಟರಿಗಿಂತ ಕಡಿಮೆ ಇಟ್ಟರೆ ಎಲೆ ತುಂಬಿದ ಕೂಡಲೇ ನೀರು ಹಿಂದಕ್ಕೆ ಚಿಮ್ಮಿ, ಹಿಡಿದದ್ದೆಲ್ಲ ಬಾಯಿಂದಲೇ ವಾಪಸ್ ಹೋಗುತ್ತದೆ.

ಕಾಲಿಗೆ ಗಮ್‌ಬೂಟ್ ಬೇಡ. ನೀರು ತುಂಬಿದ ಗಮ್‌ಬೂಟ್ ಸೆಳವಿನಲ್ಲಿ ಕಾಲು ಎತ್ತಲು ಬಿಡುವುದಿಲ್ಲ. ಹಳೇ ಕ್ಯಾನ್ವಾಸ್ ಶೂ ಹಾಕಿ, ಅಂಗಾಲಿನ ಸುತ್ತ ನಾರಿನ ಹಗ್ಗ ನಾಲ್ಕು ಸುತ್ತು ಬಿಗಿದರೆ ಪಾಚಿಗಲ್ಲಿನ ಮೇಲೆ ಹಿಡಿತ ಸಿಗುತ್ತದೆ. ಇಂಬಳಕ್ಕೆ ಉಪ್ಪು, ಹೊಗೆಸೊಪ್ಪು ಏನಾದರೂ ಇಟ್ಟುಕೊಳ್ಳಿ, ಆದರೆ ಅದೇ ಕೈಯಲ್ಲಿ ಮಾದರಿ ಮುಟ್ಟಬೇಡಿ. ತಲೆ ಮೇಲೆ ಬಿಸಿಲಿದ್ದರೂ ನೀರಿನ ಬಣ್ಣ ಕದಡತೊಡಗಿ, ಎಲೆಕಡ್ಡಿ ಹೆಚ್ಚಾಗಿ ತೇಲಿ ಬಂದರೆ ಮೇಲೆ ಗುಡ್ಡದಲ್ಲಿ ಮಳೆಯಾಗಿದೆ ಎಂದೇ ಅರ್ಥ. ಸಾಮಾನು ಬಿಟ್ಟಾದರೂ ದಡ ಹತ್ತಬೇಕು.

ಹಳ್ಳದಲ್ಲಿ ಕೆಲಸ ಯಾವಾಗಲೂ ಕೆಳಗಿನಿಂದ ಮೇಲಕ್ಕೆ. ಮೇಲಿಂದ ಶುರು ಮಾಡಿದರೆ ನಾವು ಕದಡಿದ ಕೆಸರೂ ಹುಳುವೂ ಮುಂದಿನ ಮಾದರಿಗೆ ಬಂದು ಸೇರುತ್ತವೆ. ಇಳಿಯುವ ಮೊದಲೇ ದಡದಿಂದ ನೀರಿನ ಉಷ್ಣತೆ ನೋಡಿ, ಆಮ್ಲಜನಕದ ಬಾಟಲಿ ತುಂಬಿಸಿಬಿಡಬೇಕು. 300 ಮಿ.ಲೀ. ಬಿ.ಓ.ಡಿ. ಬಾಟಲಿಯನ್ನು ನೀರಿನೊಳಗೇ ಓರೆಯಾಗಿ ಹಿಡಿದು, ಒಂದು ಗುಳ್ಳೆಯೂ ಉಳಿಯದಂತೆ ತುಂಬಿಸಿ, ಅಲ್ಲೇ 1 ಮಿ.ಲೀ. ಮ್ಯಾಂಗನಸ್ ಸಲ್ಫೇಟ್, ಮೇಲಿಂದ 1 ಮಿ.ಲೀ. ಕ್ಷಾರೀಯ ಅಯೊಡೈಡ್ ಅಝೈಡ್ ದ್ರಾವಣ. ಪಿಪೆಟ್ಟಿನ ತುದಿ ನೀರಿನ ಒಳಗಿರಬೇಕು. ಮುಚ್ಚಿ ತಲೆಕೆಳಗು ಮಾಡಿ ಅಲುಗಿಸಿದರೆ ಹತ್ತಿಯಂಥ ಗಷ್ಟು ಇಳಿಯತೊಡಗುತ್ತದೆ. ಕಂದು ಬಣ್ಣ ಬಂದರೆ ಆಮ್ಲಜನಕ ಇದೆ; ಬಿಳಿಯಾಗೇ ಉಳಿದರೆ ಲೆಕ್ಕ ಹಾಕುವ ಅಗತ್ಯವೂ ಇಲ್ಲ, ಆ ನೀರಿನಲ್ಲಿ ಆಮ್ಲಜನಕವಿಲ್ಲ. ಹೀಗೆ ಆಮ್ಲಜನಕವನ್ನು ಕಟ್ಟಿಹಾಕಿದ ಬಾಟಲಿಯನ್ನು ನೆರಳಲ್ಲಿಟ್ಟು ಸಂಜೆ ಲ್ಯಾಬಿಗೆ ಒಯ್ಯಬಹುದು. ಅಲ್ಲಿ 1 ಮಿ.ಲೀ. ಸಲ್ಫ್ಯೂರಿಕ್ ಆಮ್ಲ ಹಾಕಿ ಗಷ್ಟು ಕರಗಿಸಿ, 200 ಮಿ.ಲೀ. ತೆಗೆದು, 0.025 ನಾರ್ಮಲ್ ಸೋಡಿಯಂ ಥಯೋಸಲ್ಫೇಟಿನಿಂದ ಟೈಟ್ರೇಟ್ ಮಾಡಿದರೆ ಖರ್ಚಾದ ಪ್ರತಿ ಮಿಲಿಲೀಟರಿಗೆ ಲೀಟರಿಗೊಂದು ಮಿಲಿಗ್ರಾಂ ಆಮ್ಲಜನಕ. 20 ಡಿಗ್ರಿಯಲ್ಲಿ ಸಮುದ್ರಮಟ್ಟದ ನೀರು ಗಾಳಿಯಿಂದ ಹಿಡಿದಿಡಬಲ್ಲದ್ದು 9.1 ಮಿ.ಗ್ರಾಂ, 900 ಮೀಟರ್ ಎತ್ತರದಲ್ಲಿ ಅದು ಸುಮಾರು 8.2. ಮಲೆನಾಡಿನ ಹಳ್ಳದಲ್ಲಿ 8 ಬಂದರೆ ಕಡಿಮೆಯಾಯಿತೆಂದು ಗಾಬರಿಪಡಬೇಕಿಲ್ಲ.

ಹರಿವು ಅಳೆಯಲು ಮೀಟರ್ ಇಲ್ಲದಿದ್ದರೆ ಒಂದು ಕಿತ್ತಳೆಹಣ್ಣು ಸಾಕು. ಹೆಚ್ಚಿನ ಭಾಗ ಮುಳುಗಿ ತೇಲುವುದರಿಂದ ಗಾಳಿ ಅದನ್ನು ತಳ್ಳುವುದಿಲ್ಲ. 10 ಮೀಟರ್ ದೂರ ಗುರುತು ಮಾಡಿ, ಐದಾರು ಸಲ ಬಿಟ್ಟು ಸರಾಸರಿ ವೇಗ ತೆಗೆದು, ತಳದ ಘರ್ಷಣೆಗೆಂದು 0.85ರಿಂದ ಗುಣಿಸಬೇಕು. ಹಳ್ಳದ ಅಗಲ 3 ಮೀಟರ್, ಸರಾಸರಿ ಆಳ 20 ಸೆಂ.ಮೀ., ವೇಗ ಸೆಕೆಂಡಿಗೆ 40 ಸೆಂ.ಮೀ. ಇದ್ದರೆ ಹರಿವು ಸೆಕೆಂಡಿಗೆ 204 ಲೀಟರ್. ಪಲ್ಪರ್ ನೀರು ಎಷ್ಟು ಪಟ್ಟು ತೆಳುವಾಗುತ್ತದೆ ಎಂದು ತಿಳಿಯಲು ಈ ಅಂಕಿ ಬೇಕೇ ಬೇಕು. ನವೆಂಬರಿನಲ್ಲಿ ಹಳ್ಳ ಜೀರ್ಣಿಸಿಕೊಳ್ಳುವಷ್ಟನ್ನು ಅದೇ ಹಳ್ಳ ಫೆಬ್ರವರಿಯಲ್ಲಿ ತಾಳಿಕೊಳ್ಳಲಾರದು.

ಇನ್ನು ಬಲೆ. ಬಾಯಿ ಹರಿವಿಗೆ ಎದುರಾಗಿ, ತಳದ ಚೌಕಟ್ಟು ನೆಲಕ್ಕೆ ಒತ್ತಿ ಕೂತಿರಬೇಕು. ಸಂದಿ ಇದ್ದರೆ ಹುಳು ಅಲ್ಲೇ ನುಸುಳುತ್ತದೆ. ಚೌಕದೊಳಗಿನ ಒಂದೊಂದೇ ಕಲ್ಲನ್ನು ಬಲೆಯ ಬಾಯಿಯಲ್ಲೇ ಹಿಡಿದು ಮೆತ್ತನೆ ಬ್ರಷ್‌ನಿಂದ ಉಜ್ಜಬೇಕು. ಕೊನೆಗೆ ತಳದ ಜಲ್ಲಿ, ಮರಳನ್ನು 5ರಿಂದ 10 ಸೆಂ.ಮೀ. ಆಳದವರೆಗೆ ಕೈಯಿಂದ ಕದಡಬೇಕು. ಒಂದು ಮಾದರಿಗೆ ಇಂತಿಷ್ಟೇ ನಿಮಿಷ ಎಂದು ಗೊತ್ತುಮಾಡಿ ಮೂರೂ ಜಾಗದಲ್ಲಿ ಅಷ್ಟನ್ನೇ ಪಾಲಿಸಬೇಕು. ಒಂದು ಜಾಗಕ್ಕೆ ಐದು ಮಾದರಿ. ಮೂರಕ್ಕೆ ಇಳಿಸಬಹುದು, ಒಂದಕ್ಕೆ ಇಳಿಸಿದರೆ ಅದು ಸಮೀಕ್ಷೆಯಲ್ಲ. ಹುಳುಗಳು ಗುಂಪುಗುಂಪಾಗಿ ಇರುವುದರಿಂದ ಎರಡು ಪಕ್ಕದ ಚೌಕಗಳಲ್ಲೇ ಭಾರೀ ವ್ಯತ್ಯಾಸ ಬರುತ್ತದೆ.

ಬಲೆಗೆ ಹಾಕುವ ಮುಂಚೆ ಒಂದು ಕಲ್ಲನ್ನಾದರೂ ಸುಮ್ಮನೆ ಎತ್ತಿ ನೋಡುವುದು ಒಳ್ಳೆಯದು. ಹೇಮಾವತಿಯ ಮೇಲಿನ ಕವಲುಗಳಂಥ ಶುದ್ಧ ನೀರಿನಲ್ಲಿ ಕಲ್ಲಿನ ಮೇಲ್ಮೈ ಮೇಲೆ ಕಂದು ಲೋಳೆ ಇರುತ್ತದೆ, ಅದು ಡಯಾಟಮ್ ಎಂಬ ಒಂದೇ ಕೋಶದ ಸೂಕ್ಷ್ಮ ಪಾಚಿ. ಅದನ್ನು ಮೇಯುವ ಹೆಪ್ಟಜೀನಿಡ್ ಮೇಫ್ಲೈ ಮರಿಗಳು ಚಪ್ಪಟೆ ದೇಹದವು. ಬೆಳಕು ಬಿದ್ದ ಕೂಡಲೇ ಸರ್ರನೆ ಅಡ್ಡಡ್ಡ ಜಾರಿ ಕಲ್ಲಿನ ಇನ್ನೊಂದು ಮಗ್ಗುಲಿಗೆ ಹೋಗುತ್ತವೆ, ಹೊಟ್ಟೆಯ ಎರಡೂ ಪಕ್ಕ ಕಿವಿರಿನ ತಟ್ಟೆಗಳು ಅಲುಗುತ್ತಿರುತ್ತವೆ. ಅಲ್ಲೇ ತಾಮ್ರದ ಕಾಸು ಅಂಟಿಸಿದ ಹಾಗೆ ದುಂಡಗೆ ಕೂತಿರುವುದು ಸೆಫೆನಿಡ್ ಜೀರುಂಡೆಯ ಮರಿ. ತಿರುಗಿಸಿ ಹಾಕಿದರೆ ಮಾತ್ರ ಕಾಲುಗಳು ಕಾಣುತ್ತವೆ. ಸ್ಟೋನ್‌ಫ್ಲೈಗೆ ಬಾಲ ಎರಡು, ಪ್ರತಿ ಕಾಲಿನ ತುದಿಯಲ್ಲಿ ಉಗುರೂ ಎರಡು, ಕಿವಿರು ಕಾಲಿನ ಬುಡದಲ್ಲಿ. ಮೇಫ್ಲೈಗೆ ಸಾಮಾನ್ಯವಾಗಿ ಬಾಲ ಮೂರಿದ್ದರೂ ಎರಡೇ ಇರುವ ಜಾತಿಗಳೂ ಇವೆ. ಆದ್ದರಿಂದ ಬಾಲ ಎಣಿಸಿ ತೀರ್ಮಾನಿಸಬಾರದು, ಉಗುರು ನೋಡಬೇಕು, ಮೇಫ್ಲೈಗೆ ಕಾಲಿಗೊಂದೇ. ಕಲ್ಲಿನ ಸಂದಿಯಲ್ಲಿ ಮುದುಡಿದ ನೂಲಿನ ಚೂರು ಕಂಡರೆ ಅದು ಹೈಡ್ರೊಸೈಕಿಡ್ ಕ್ಯಾಡಿಸ್ ಹುಳು ನೀರಿನೊಳಗೆ ನೇಯ್ದ ಬಲೆ. ನೀರಿನಲ್ಲಿರುವಾಗ ಹರಿವಿಗೆ ಉಬ್ಬಿಕೊಂಡು ತಿಂಡಿ ಸೋಸುವ ಅದು, ಕಲ್ಲು ಎತ್ತಿದ ಕ್ಷಣ ಕುಸಿದು ಕಸದಂತೆ ಕಾಣುತ್ತದೆ.

ದೊಡ್ಡ ಬಂಡೆಗಳಿಗೆ ಬಲೆ ನಡೆಯುವುದಿಲ್ಲ. ಅಲ್ಲಿ ಕಡಲತೀರದವರ ಉಪಾಯವೇ ಗತಿ: 50 ಸೆಂ.ಮೀ. ಚೌಕದ ಪಿ.ವಿ.ಸಿ. ಪೈಪಿನ ಚೌಕಟ್ಟು, ಎರಡೂ ದಿಕ್ಕಿಗೆ ಐದೈದು ದಾರ, 25 ಗಂಟುಗಳು. ಪ್ರತಿ ಗಂಟಿನ ನೇರ ಕೆಳಗೆ ಏನಿದೆ ಎಂದು ಬರೆದುಕೊಂಡರೆ ಒಂದೊಂದು ಗಂಟಿಗೆ ಶೇ. 4ರಷ್ಟು ಹರವು. ನೀರಂಚಿನಿಂದ ಮೇಲಕ್ಕೆ ಹಗ್ಗ ಎಳೆದು ಸಮ ಅಂತರದಲ್ಲಿ ಚೌಕಟ್ಟು ಇಡುತ್ತಾ ಹೋದರೆ ಬಂಡೆಯ ಪಟ್ಟಿಗಳು ಬೇರೆಬೇರೆಯಾಗಿ ಸಿಗುತ್ತವೆ. ತುದಿಯಲ್ಲಿ ಕಲ್ಲುಹೂವು, ಅದರ ಕೆಳಗೆ ಹಾವಸೆ, ನೀರಂಚಿನಲ್ಲಿ ಪೋಡೋಸ್ಟೆಮೇಸಿ ಕುಟುಂಬದ ಗಿಡಗಳು. ಈ ಕೊನೆಯವನ್ನು ಹೊಸಬರು ಪಾಚಿ ಎಂದೇ ಬರೆದುಕೊಳ್ಳುತ್ತಾರೆ. ಇವು ಹೂ ಬಿಡುವ ಗಿಡಗಳು. ಮಳೆಗಾಲವೆಲ್ಲ ರಭಸದ ನೀರಿನೊಳಗೆ ಬಂಡೆಗೆ ಚಪ್ಪಟೆಯಾಗಿ ಅಂಟಿಕೊಂಡಿದ್ದು, ನೀರು ಇಳಿದು ಗಾಳಿಗೆ ತೆರೆದುಕೊಂಡಾಗ ಹೂ ಬಿಟ್ಟು, ಬೀಜ ಚೆಲ್ಲಿ ಒಣಗುತ್ತವೆ. ಒದ್ದೆಯಾದ ಬೀಜಕ್ಕೆ ಅಂಟು ಬರುವುದರಿಂದ ಮುಂದಿನ ಮಳೆಗೆ ಅದು ಬಂಡೆಯನ್ನೇ ಹಿಡಿದುಕೊಳ್ಳುತ್ತದೆ. ನವೆಂಬರ್, ಡಿಸೆಂಬರಿನಲ್ಲಿ ನೀರಂಚಿನಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿಗಳು ಕಡ್ಡಿಯ ತುದಿಯಲ್ಲಿ ನಿಂತಿದ್ದರೆ ಅವೇ. ಫೆಬ್ರವರಿಗೆ ಹೋದವರಿಗೆ ಕಾಣುವುದು ಕಪ್ಪು ಹೊಪ್ಪಳೆ ಮಾತ್ರ. ಬಂಡೆಯ ಮೇಲೆ ಹೂಳು ಕೂತರೆ, ಕಟ್ಟು ಕಟ್ಟಿ ನೀರಿನ ಏರಿಳಿತ ತಪ್ಪಿಸಿದರೆ ಇವು ಉಳಿಯುವುದಿಲ್ಲ. ರಸ್ತೆ ಅಗಲೀಕರಣದ ಮಣ್ಣು ಬಂದು ಸೇರುವ ಹಳ್ಳಗಳಲ್ಲಿ ಈ ಪಟ್ಟಿಯನ್ನು ವಿಶೇಷವಾಗಿ ನೋಡಬೇಕು.

ಡಯಾಟಮ್‌ಗೆ ಐದು ಕಲ್ಲು ಸಾಕು. ಪ್ರತಿ ಕಲ್ಲಿನ ಮೇಲ್ಮೈ ಮೇಲೆ 5 ಸೆಂ.ಮೀ. ಚೌಕದ ಕಿಟಕಿ ಕತ್ತರಿಸಿದ ರಬ್ಬರ್ ಹಾಳೆ ಇಟ್ಟು, ಆ ಕಿಟಕಿಯಷ್ಟನ್ನೇ ಹೊಸ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು ಒಂದೇ ಡಬ್ಬಿಗೆ ಹಾಕಿದರೆ 125 ಚದರ ಸೆಂ.ಮೀ. ಮಾದರಿ. ಬ್ರಷ್ ಜಾಗಕ್ಕೊಂದು ಬೇರೆ. ಹಳೇ ಬ್ರಷ್‌ನಲ್ಲಿ ಹಿಂದಿನ ಹಳ್ಳದ ಡಯಾಟಮ್ ಉಳಿದೇ ಇರುತ್ತದೆ.

ಹಿಡಿದದ್ದನ್ನು ಸಾಧ್ಯವಾದರೆ ದಡದಲ್ಲೇ ಜೀವಂತವಾಗಿ ಬೇರ್ಪಡಿಸಬೇಕು. ಬಿಳಿ ಟ್ರೇಯಲ್ಲಿ ಒಂದಿಂಚು ನೀರು ಬಿಟ್ಟು ಹರಡಿದರೆ ಅಲುಗಾಡುವುದೆಲ್ಲ ಕಣ್ಣಿಗೆ ಬೀಳುತ್ತದೆ. ಬಾಟಲಿಗೆ ಹಾಕಿ ಸತ್ತ ಮೇಲೆ ಅದೇ ಹುಳು ಎಲೆಚೂರಿನಲ್ಲಿ ಬೆರೆತು ಮೂರು ಪಟ್ಟು ಹೊತ್ತು ತಿನ್ನುತ್ತದೆ. ಸ್ಟೋನ್‌ಫ್ಲೈ, ಏರೋಪ್ಲೇನ್ ಚಿಟ್ಟೆಯ ಮರಿಗಳನ್ನು ಮೊದಲು ಎತ್ತಿ ಆಲ್ಕೋಹಾಲಿಗೆ ಹಾಕಿಬಿಡಿ. ಬಿಟ್ಟರೆ ನಾವು ಚಹಾ ಕುಡಿಯುವುದರೊಳಗೆ ಅವು ಉಳಿದ ಹುಳುಗಳನ್ನು ತಿಂದು ಲೆಕ್ಕ ತಗ್ಗಿಸಿರುತ್ತವೆ. ಏಡಿ, ಸಿಗಡಿ, ಮೀನು, ಗೊದಮೊಟ್ಟೆಗಳನ್ನು ಬರೆದುಕೊಂಡು ಅಲ್ಲೇ ಬಿಡಬೇಕು. ಮರಳು ಹೆಚ್ಚಿದ್ದರೆ ಬಕೆಟ್ಟಿನಲ್ಲಿ ಸಕ್ಕರೆ ಅಥವಾ ಉಪ್ಪಿನ ಗಟ್ಟಿ ದ್ರಾವಣ ಮಾಡಿ ಸುರಿದರೆ ಹುಳುಗಳು ತೇಲುತ್ತವೆ. ಆದರೆ ಬಸವನಹುಳು, ಕಲ್ಲುಚೂರಿನ ಗೂಡು ಕಟ್ಟುವ ಕ್ಯಾಡಿಸ್ ತೇಲುವುದಿಲ್ಲ, ತಳದ ಮರಳನ್ನೂ ಕೈಯಾಡಿಸಿ ನೋಡಲೇಬೇಕು.

ಆಲ್ಕೋಹಾಲಿನಲ್ಲಿ ಹೆಚ್ಚು ಕೆಡುವುದು ಎರಡು ಕಾರಣಕ್ಕೆ. ಹುಳುವಿನ ಮೈನೀರು ಸೇರಿ ಅದು ತೆಳುವಾಗುತ್ತದೆ. ಮೊದಲ ದಿನ ಶೇ. 95ರದ್ದು ಹಾಕಿ ಮರುದಿನ ಬದಲಾಯಿಸಬೇಕು, ಆಮೇಲೆ ಇಡಲು ಶೇ. 70 ಸಾಕು. ಇನ್ನೊಂದು, ಚೀಟಿ. ಬಾಲ್‌ಪೆನ್ನು, ಮಾರ್ಕರ್ ಎರಡೂ ಆಲ್ಕೋಹಾಲಿನಲ್ಲಿ ಕರಗುತ್ತವೆ. ದಪ್ಪ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಹಳ್ಳ, ಜಾಗ, ದಿನಾಂಕ, ಮಾದರಿ ಸಂಖ್ಯೆ ಬರೆದು ಡಬ್ಬಿಯ ಒಳಗೇ ಹಾಕಬೇಕು. ಮುಚ್ಚಳದ ಮೇಲೆ ಬರೆಯುವುದು ಅತ್ಯಂತ ಕೆಟ್ಟ ಅಭ್ಯಾಸ, ಮುಚ್ಚಳಗಳು ಅದಲುಬದಲಾಗುತ್ತವೆ.

ಅಂಕ ಹಾಕುವುದು ಕುಟುಂಬದ ಮಟ್ಟದಲ್ಲಿ, ಜಾತಿ ಗುರುತಿಸಬೇಕಿಲ್ಲ. ಹುಳುಗಳ ಕುಟುಂಬಕ್ಕೆ ಕೊಳೆ ತಾಳುವ ಶಕ್ತಿ ನೋಡಿ ಅಂಕ ಕೊಡುವ ಬ್ರಿಟನ್ನಿನ ಬಿ.ಎಂ.ಡಬ್ಲ್ಯು.ಪಿ. ಪಟ್ಟಿಯಲ್ಲಿ ಕೊಳೆ ತಾಳದ ಪರ್ಲಿಡೆ (ಸ್ಟೋನ್‌ಫ್ಲೈ), ಹೆಪ್ಟಜೀನಿಡೆ, ಲೆಪ್ಟೊಫ್ಲೆಬಿಡೆಗೆ (ಎರಡೂ ಮೇಫ್ಲೈ) ತಲಾ 10, ಗೊಂಫಿಡೆಗೆ (ಏರೋಪ್ಲೇನ್ ಚಿಟ್ಟೆ) 8, ಹೈಡ್ರೊಸೈಕಿಡೆ (ಕ್ಯಾಡಿಸ್), ಸಿಮುಲಿಡೆ (ಕಪ್ಪು ನೊಣ), ಎಲ್ಮಿಡೆಗೆ (ಜೀರುಂಡೆ) 5, ಬೀಟಿಡೆಗೆ (ಮೇಫ್ಲೈ) 4, ಕೈರೊನಾಮಿಡೆಗೆ 2, ಕೆಸರಿನ ಎರೆಹುಳುಗಳಿಗೆ 1. ಮೇಲಿನ ಜಾಗದಲ್ಲಿ ಈ ಮೊದಲ ಒಂಬತ್ತೂ ಸಿಕ್ಕಿದರೆ ಮೊತ್ತ 59, ಸರಾಸರಿ 6.6. ಕೆಳಗೆ ಬೀಟಿಡೆ, ಹೈಡ್ರೊಸೈಕಿಡೆ, ಸಿಮುಲಿಡೆ, ಕೈರೊನಾಮಿಡೆ, ಎರೆಹುಳು ಮಾತ್ರ ಉಳಿದರೆ ಮೊತ್ತ 17, ಸರಾಸರಿ 3.4. ನಾವು ನಂಬುವುದು ಸರಾಸರಿಯನ್ನು. ಮೊತ್ತ ಹುಡುಕಾಟದ ಹೊತ್ತು ಹೆಚ್ಚಿದಂತೆ ಏರುತ್ತಲೇ ಇರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪದ್ಧತಿಯಲ್ಲಿ ಇಂಥದೇ ಅಂಕದ ಜೊತೆಗೆ ವೈವಿಧ್ಯದ ಲೆಕ್ಕವೂ ಇದೆ. ಹುಳುಗಳನ್ನು ಕೈಗೆ ಸಿಕ್ಕ ಕ್ರಮದಲ್ಲಿ ಸಾಲಾಗಿ ಜೋಡಿಸಿ, ಪ್ರತಿಯೊಂದೂ ಹಿಂದಿನದಕ್ಕಿಂತ ಬೇರೆಯೋ ಅದೇಯೋ ನೋಡುತ್ತಾ ಹೋಗುವುದು. ಎಷ್ಟು ಸಲ ಬದಲಾಯಿತು ಎಂಬುದನ್ನು ಒಟ್ಟು ಸಂಖ್ಯೆಯಿಂದ ಭಾಗಿಸುವುದು. ಹೆಸರೇ ಗೊತ್ತಿಲ್ಲದ ಹೈಸ್ಕೂಲ್ ಮಕ್ಕಳೂ ಇದನ್ನು ಸರಿಯಾಗಿ ಮಾಡುತ್ತಾರೆ.

ಅಂಕ ಕಡಿಮೆ ಬಂದ ಮಾತ್ರಕ್ಕೆ ಕಾರಣ ಪಲ್ಪರ್ ಎಂದಾಗುವುದಿಲ್ಲ. ಪಲ್ಪ್ ನೀರಿನ ಸಕ್ಕರೆ, ಲೋಳೆ ಕೊಳೆಯುವಾಗ ಆಮ್ಲಜನಕ ತಿನ್ನುತ್ತದೆ, ಹುಳಿಯೇರಿದ ನೀರಿನ ಪಿ.ಎಚ್. ಇಳಿಯುತ್ತದೆ. ಆಗ ಕಲ್ಲಿನ ಮೇಲೆ ಬೂದು ಬಣ್ಣದ ಎಳೆಎಳೆಯಾದ ಲೋಳೆ ಬರುತ್ತದೆ, ಕೈರೊನಾಮಿಡ್ ಕೆಂಪುಹುಳು ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ಅಂದರೆ ಜಾತಿ ಕಡಿಮೆ, ಸಂಖ್ಯೆ ಜಾಸ್ತಿ. ಜಾತಿಯೂ ಇಲ್ಲ, ಸಂಖ್ಯೆಯೂ ಇಲ್ಲ, ಆಮ್ಲಜನಕ ಮಾತ್ರ ಚೆನ್ನಾಗಿದೆ ಎಂದಾದರೆ ಅದು ವಿಷದ ಲಕ್ಷಣ: ಮೀನಿಗೆ ಬ್ಲೀಚಿಂಗ್ ಪುಡಿ ಹಾಕಿದ್ದಿರಬಹುದು, ಸಿಂಪಡಣೆಯ ಡ್ರಮ್ ತೊಳೆದದ್ದಿರಬಹುದು. ತೋಟಕ್ಕೆ ಸಿಂಪಡಿಸುವ ಶೇ. 1ರ ಬೋರ್ಡೋ ದ್ರಾವಣ ಎಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ. ಅದರ ತಾಮ್ರ ಪಾಚಿಗೂ ಬಸವನಹುಳುವಿಗೂ ನಂಜು. ಎಲ್ಲ ಕುಟುಂಬಗಳೂ ಇವೆ, ಆದರೆ ಪ್ರತಿಯೊಂದೂ ಕಡಿಮೆ, ಕಲ್ಲಿನ ಸಂದಿ ತುಂಬಾ ಮಣ್ಣು ಎಂದಾದರೆ ಹೂಳಿನ ಪರಿಣಾಮ. ಮೇಲಿನ ಜಾಗದಲ್ಲೇ ಅಂಕ ಕಡಿಮೆ ಇದ್ದರೆ ಇನ್ನೂ ಮೇಲೆ ನಡೆದು ನೋಡಬೇಕು. ಅಲ್ಲೊಂದು ಹೋಮ್‌ಸ್ಟೇಯ ಪೈಪು ಇದ್ದರೂ ಇರಬಹುದು.

ತೋಟದ ಮಾಲೀಕರಿಗೆ ವರದಿ ಕೊಡುವಾಗ ಅಂಕಗಳ ಜೊತೆ ಹರಿವಿನ ಅಂಕಿ, ಪಂಪ್ ಓಡಿದ ದಿನಗಳು, ಕೊನೆಯ ಮಳೆಯ ದಿನಾಂಕ, ಜಾಗಗಳ ಫೋಟೊ ಇರಲೇಬೇಕು. ಪಲ್ಪರ್ ನೀರನ್ನು ಸುಣ್ಣ ಹಾಕಿ ಹೊಂಡದಲ್ಲಿ ನಿಲ್ಲಿಸಲು ಶುರು ಮಾಡಿದವರ ಹಳ್ಳದಲ್ಲಿ ಮೊದಲು ಮರಳುವುದು ಬೀಟಿಡೆ, ಸಿಮುಲಿಡೆ. ಮೇಲಿನ ಹಳ್ಳದಿಂದ ಅವು ಹರಿವಿನ ಜೊತೆಗೇ ತೇಲಿ ಬರುತ್ತವೆ. ಪರ್ಲಿಡ್ ಮರಿ ದೊಡ್ಡದಾಗಲು ಹೊತ್ತು ಬೇಕಾದ್ದರಿಂದ ಅದಕ್ಕೆ ಒಂದು ಮಳೆಗಾಲವನ್ನಾದರೂ ಕೊಟ್ಟು, ಮುಂದಿನ ನವೆಂಬರಿನಲ್ಲಿ ಅದೇ ಮೂರು ಜಾಗಕ್ಕೆ, ಅದೇ ಬಲೆ ಹಿಡಿದು, ಅಷ್ಟೇ ನಿಮಿಷ ಹುಡುಕಬೇಕು.